ತಾಯಿ ಕಟ್ಟಿಕೊಟ್ಟ ಬುತ್ತಿ

(ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ತಾಯಿಯ ಗರ್ಭದಲ್ಲಿ ಸುರಕ್ಷಿತವಾಗಿದ್ದ ಶಿಶುವು ಭೂಮಿಗೆ ಬಂದ ಗಳಿಗೆಯಿಂದಲೇ ಅಸಂಖ್ಯ ರೋಗಾಣುಗಳ ನಡುವೆ ಬಾಳಬೇಕಾಗುತ್ತದೆ. ಅವುಗಳಲ್ಲಿ ವೈರಸ್ಸುಗಳು ಅತಿ ಸೂಕ್ಷ್ಮವಾದವು. ಜೀವಕೋಶದ ಒಳಹೊಕ್ಕು ಅಲ್ಲಿಯೇ ವೃದ್ಧಿಹೊಂದತಕ್ಕವು. ಇವುಗಳೆದುರು ಎಳೆಯ ಕೂಸು ಹೇಗೆ ಉಳಿದು ಬರುತ್ತದೆಂಬುದನ್ನು ಇಂದು ನಾವು ವಿಚಾರ ಮಾಡೋಣ.

ಶಿಶುವು ತೀರ ನಿರಾಯುಧವಲ್ಲ. ವೈರಸ್ಸು ಹೊಕ್ಕ ಜೀವಕೋಶವು ಇಂಟರ್‌ಫೆರಾನ್ ಎಂಬ ವಸ್ತುವನ್ನು ಹೊರಸೂಸಿ ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ. ಇದನ್ನು 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ಕೆಲವು ಬಗೆಯ ಬಿಳಿಯ ರಕ್ತಕಣಗಳು ರೋಗ ತಗಲಿದ ಕೋಶಗಳನ್ನು ನಾಶಮಾಡುತ್ತವೆ. ಆದರೆ ಒಂದೊಂದು ವೈರಸ್ಸನ್ನೂ ಗುರುತಿಸಿ, ಅದಕ್ಕೆ ತಕ್ಕ ಪ್ರತಿಕಾಯವನ್ನು ಸಿದ್ಧಪಡಿಸುವ ವಿದ್ಯೆಯನ್ನು ಶಿಶುವು ಇನ್ನೂ ಕಲಿಯಬೇಕಾಗಿದೆ. ಕಲಿಯುವವರೆಗೆ ಅದಕ್ಕೆ ಆಸರೆಯಾಗುವುದು ತಾಯಿ ಕೊಟ್ಟ ಪ್ರತಿಕಾಯ.

ಇದನ್ನು ಪ್ರಯೋಗದಿಂದ ತೋರಿಸಿದವನು ಜರ್ಮನಿಯ ಪಾಲ್ ಏರ್ಲಿಕ್. 1892ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಆತನು ಇಲಿಗಳಿಗೆ ಗುಲಗಂಜಿಯ ವಿಷವನ್ನೂ ಹರಳುಬೀಜದ ವಿಷವನ್ನೂ ಸ್ವಲ್ಪಸ್ವಲ್ಪವಾಗಿ ಕೊಟ್ಟು, ಅವು ವಿಷವನ್ನು ತಾಳುವಂತೆ ಮಾಡಿದನು. ತಂದೆಯ ತಾಳಿಕೆಯಿಂದ ಮರಿಗಳಿಗೆ ಪ್ರಯೋಜನವಾಗಲಿಲ್ಲ. ತಾಯಿಯ ತಾಳಿಕೆಯಿಂದ ಕೆಲಕಾಲ ರಕ್ಷಣೆ ದೊರೆಯಿತು. ಬಳಿಕ ಮರಿಗಳನ್ನು ಅದಲುಬದಲು ಮಾಡಿ ನೋಡಿದನು. ಸಾಮಾನ್ಯ ಇಲಿಗೆ ಹುಟ್ಟಿದ ಮರಿಯು ತಾಳಿಕೆಯುಳ್ಳ ಇಲಿಯ ಹಾಲನ್ನು ಕುಡಿದು ತಾನೂ ರಕ್ಷಣೆ ಪಡೆಯಿತು. ವಿಷದಲ್ಲಿ ಕಂಡ ಈ ತತ್ತ್ವವು ವೈರಸ್ಸುಗಳ ವಿಷಯದಲ್ಲಿಯೂ ನಿಜವೆಂದು ಮುಂದೆ ತಿಳಿದುಬಂದಿತು.

ಮನುಷ್ಯರಲ್ಲಿ ಈ ರಕ್ಷಣೆ ಎರಡು ದಾರಿಗಳಿಂದ ಬರುತ್ತದೆ. ಒಂದು, ಮಾಸಿನ ಮೂಲಕ. ತಾಯಿಗೆ ದಡಾರ ಬಂದುಹೋಗಿದ್ದರೆ, ಇಲ್ಲವೆ ಆಕೆ ಲಸಿಕೆ ಪಡೆದಿದ್ದರೆ, ಆಕೆಯ ರಕ್ತದ ಪ್ರತಿಕಾಯಗಳು ಕೂಸಿನ ರಕ್ತವನ್ನು ಸೇರುತ್ತವೆ. ಇದರ ಬಹುಭಾಗ ನಡೆಯುವುದು ಗರ್ಭದ ಕೊನೆಯ ಮೂರು ತಿಂಗಳಲ್ಲಿ. ಆದುದರಿಂದಲೇ ದಿನ ತುಂಬದೆ ಹುಟ್ಟಿದ ಕೂಸಿಗೆ ಈ ಬಲ ಕಡಿಮೆ. ಇನ್ನೊಂದು, ಎದೆಹಾಲು. ಅದರಲ್ಲಿಯೂ ಮೊದಲ ದಿನಗಳ ಹಳದಿ ಬಣ್ಣದ ಗಟ್ಟಿ ಹಾಲಿನಲ್ಲಿ ಪ್ರತಿಕಾಯಗಳು ಹೇರಳ. ಅವು ಕೂಸಿನ ಗಂಟಲು, ಕರುಳುಗಳ ಒಳಮೈಯನ್ನು ಕಾಯುತ್ತವೆ.

ಹಸು ಈದಾಗ ಮೊದಲ ಗಿಣ್ಣುಹಾಲು ಕರುವಿಗೆ ಸಲ್ಲಬೇಕೆಂದು ರೈತನು ಬಲ್ಲನು. ಆದರೆ ಎಷ್ಟೋ ಮನೆಗಳಲ್ಲಿ ಬಾಣಂತಿಯ ಮೊದಲ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಕೂಸಿಗೆ ಜೇನನ್ನೋ ಸಕ್ಕರೆನೀರನ್ನೋ ನೆಕ್ಕಿಸುವ ರೂಢಿಯುಂಟು. ಹಿರಿಯರು ಕೂಸಿನ ಮೇಲಣ ಅಕ್ಕರೆಯಿಂದಲೇ ಹೀಗೆ ಮಾಡಿದರೂ ನಷ್ಟ ಕೂಸಿಗೇ. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಯೂಡಿಸಬೇಕು. ಆರು ತಿಂಗಳು ತುಂಬುವವರೆಗೆ ಎದೆಹಾಲೇ ಸಾಕು.

ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ತಾಯಿಯ ರಕ್ತದಿಂದ ಬಂದ ಪ್ರತಿಕಾಯವು ಹೆಚ್ಚುಕಡಮೆ ತಿಂಗಳಿಗೊಮ್ಮೆ ಅರ್ಧವಾಗುತ್ತ ಕರಗಿಹೋಗುತ್ತದೆ. ಅದು ಬಲವಾಗಿರುವಾಗಲೇ ದಡಾರದ ಲಸಿಕೆ ಕೊಟ್ಟರೆ, ಲಸಿಕೆಯಲ್ಲಿನ ದುರ್ಬಲ ವೈರಸ್ಸನ್ನು ಅದು ಅಡಗಿಸಿಬಿಡುತ್ತದೆ. ಕೂಸು ಪಾಠ ಕಲಿಯಲಾರದು. ತೀರ ತಡಮಾಡಿದರೆ ಬುತ್ತಿ ತೀರಿದ ಕೂಸು ಬರಿಗೈಯಾಗುತ್ತದೆ. ಆದುದರಿಂದಲೇ ನಮ್ಮ ದೇಶದಲ್ಲಿ ದಡಾರ-ರುಬೆಲ್ಲಾ ಲಸಿಕೆಯನ್ನು 9 ತಿಂಗಳು ತುಂಬಿದ ಮೇಲೆ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಕೊಡುತ್ತಾರೆ.

ಹೆಪಟೈಟಿಸ್-ಬಿ ಲಸಿಕೆಯ ಮಾತು ಬೇರೆ. ತಾಯಿಯಲ್ಲಿ ಆ ವೈರಸ್ಸಿದ್ದರೆ ಹೆರಿಗೆಯ ಹೊತ್ತಿನಲ್ಲಿ ಕೂಸಿಗೆ ತಗಲಬಹುದು. ಹಾಗೆ ತಗಲಿದ 10 ಕೂಸುಗಳಲ್ಲಿ ಸುಮಾರು 9ರಲ್ಲಿ ಅದು ಬಹುಕಾಲ ನೆಲೆಸಿ, ಮುಂದೆ ಯಕೃತ್ತನ್ನು ಕೆಡಿಸಬಲ್ಲದು. ಅದಕ್ಕಾಗಿ ಈ ಲಸಿಕೆಯನ್ನು ಹುಟ್ಟಿದ 24 ಗಂಟೆಗಳೊಳಗೆ ಹಾಕಿಸಬೇಕು. ಎಳೆಗೂಸೂ ಕಲಿಯಬಲ್ಲದೆಂಬುದಕ್ಕೆ ಈ ಲಸಿಕೆಯ ಫಲವೇ ಸಾಕ್ಷಿ.

ವಿದ್ಯಾರ್ಥಿಗಳೇ, ಗಡಿನಾಡಿನಲ್ಲಿ ಬೆಳೆಯುವ ನೀವು ಎರಡು ಮೂರು ಭಾಷೆಗಳನ್ನು ಓದಬಲ್ಲಿರಿ. ಲಸಿಕೆಯ ಚೀಟಿ ಯಾವ ಭಾಷೆಯಲ್ಲಿಯೇ ಇರಲಿ, ಅದನ್ನು ಓದಿ ತಾಯಿಗೂ ಅಜ್ಜಿಗೂ ಮನೆಮಾತಿನಲ್ಲಿ ತಿಳಿಯಹೇಳಿರಿ. ಮುಂದಿನ ತಾರೀಖನ್ನು ನೆನಪುಮಾಡಿರಿ. ನೆಗಡಿ, ಕೆಮ್ಮು ಇದ್ದಾಗ ತೊಟ್ಟಿಲ ಬಳಿ ಸುಳಿಯಬೇಡಿರಿ. ಕೂಸನ್ನು ಎತ್ತುವ ಮುನ್ನ ಕೈ ತೊಳೆಯಿರಿ. ನೀವು ಕಲಿತ ಅಕ್ಷರ ಒಂದು ತೊಟ್ಟಿಲನ್ನು ಕಾಯ್ದರೆ ಈ ಶಾಲೆಯ ಶ್ರಮ ಸಾರ್ಥಕವೆಂದು ಭಾವಿಸಿ ನಮ್ಮ ಮಾತನ್ನು ಮುಗಿಸುತ್ತೇವೆ.