ತಪ್ಪಿನೊಳಗಿನ ತರ್ಕ: ಗಿಟಾರಿನಿಂದ ಒಂದು ಪಾಠ



ಗಿಟಾರ್ ಕಲಿಕೆಯ ಒಂದು ಕಿರುಘಟ್ಟವು ಭಾಷಾಬೋಧಕರಿಗೆ ಉಪಯುಕ್ತವಾದ ವಿಚಾರವೊಂದನ್ನು ಒದಗಿಸುತ್ತದೆ. 'ಎ ಮೈನರ್' ಸ್ವರಗುಚ್ಛವನ್ನು, ಎಂದರೆ ಕಾರ್ಡನ್ನು, ಬಲ್ಲ ವಿದ್ಯಾರ್ಥಿಗೆ 'ಎ ಮೈನರ್ ಸಿಕ್ಸ್ತ್' ಕಲಿಸುವ ಸಂದರ್ಭವದು.

ಎ ಸ್ವರವನ್ನು ಷಡ್ಜವೆಂದಿಟ್ಟುಕೊಂಡರೆ ಎ ಮೈನರಿನಲ್ಲಿ ಷಡ್ಜ, ಸಾಧಾರಣ ಗಾಂಧಾರ, ಪಂಚಮ ಎಂಬ ಮೂರು ಸ್ವರಗಳಿವೆ. ಅವುಗಳೊಡನೆ ಚತುಶ್ರುತಿ ಧೈವತ ಕೂಡಿದಾಗ ಮೈನರ್ ಸಿಕ್ಸ್ತ್ ಆಗುತ್ತದೆ. 1937ರಲ್ಲಿ ಜ್ಯಾಂಗೋ ರೈನ್‌ಹಾರ್ಟ್ ಮತ್ತು ಸ್ಟೆಫಾನ್ ಗ್ರಾಪೆಲ್ಲಿ ಧ್ವನಿಮುದ್ರಿಸಿದ 'ಮೈನರ್ ಸ್ವಿಂಗ್' ಮಾದರಿಯ ವಾದನದಲ್ಲಿ ಈ ಗುಚ್ಛದ ಬಳಕೆ ಹೇರಳ.

ಬೆರಳಿನ ಕೆಲಸ ಸರಳವಾದುದು. ತಂತಿಗಳನ್ನು ತೆಳುವಾದುದರಿಂದ ಎಣಿಸುವುದು ರೂಢಿ. ಎರಡನೆಯ ತಂತಿಯ ಮೊದಲ ಮನೆಯಲ್ಲಿ ತೋರುಬೆರಳು, ನಾಲ್ಕನೆಯ ಮತ್ತು ಮೂರನೆಯ ತಂತಿಗಳ ಎರಡನೆಯ ಮನೆಯಲ್ಲಿ ನಡುಬೆರಳು ಹಾಗೂ ಉಂಗುರಬೆರಳು. ಇದು ಎ ಮೈನರ್. ಐದನೆಯ ತಂತಿ ತೆರೆದೇ ನುಡಿಯುತ್ತದೆ, ಆರನೆಯದನ್ನು ಮೀಟುವುದಿಲ್ಲ. ಇದಾವುದನ್ನೂ ಕದಲಿಸದೆ ಮೊದಲ ತಂತಿಯ ಎರಡನೆಯ ಮನೆಯಲ್ಲಿ ಕಿರುಬೆರಳನ್ನು ಊರಿದರೆ ಸಾಕು.

ತೊಡಕು ಇರುವುದು ಹೆಸರಿನಲ್ಲಿ. 'ಮೈನರ್' ಎಂದರೆ ತಗ್ಗಿದ ಸ್ವರವೆಂದು ಕಲಿತ ವಿದ್ಯಾರ್ಥಿ ಆರನೆಯ ಸ್ವರವನ್ನೂ ತಗ್ಗಿಸಿ, ಮೊದಲ ತಂತಿಯ ಮೊದಲ ಮನೆಯನ್ನೇ ಒತ್ತುತ್ತಾನೆ. ವಾಸ್ತವವಾಗಿ ಆ ವಿಶೇಷಣ ಗಾಂಧಾರಕ್ಕೆ ಮಾತ್ರ ಸಲ್ಲುತ್ತದೆ. ಆಗ ಹೊಮ್ಮುವ ನಾದವೂ ಕರ್ಕಶವಲ್ಲ. ಅದು 'ಎಫ್ ಮೇಜರ್ ಸೆವೆಂತ್' ಎಂಬ ಬೇರೊಂದು ಇಂಪಾದ ಗುಚ್ಛ. ಆದುದರಿಂದ ತಪ್ಪಾಗಿದೆಯೆಂಬುದು ಕಿವಿಗೆ ತಾನಾಗಿ ತಿಳಿಯದು.

ಹೆಸರು ಹೀಗೆ ದಾರಿ ತಪ್ಪಿಸುವುದು ನಮ್ಮ ಸಂಗೀತದಲ್ಲಿಯೂ ಉಂಟು. ಕರ್ನಾಟಕ ಪದ್ಧತಿಯ ಶುದ್ಧ ಧೈವತ ತಗ್ಗಿನ ಸ್ವರ. ಹಿಂದೂಸ್ತಾನಿಯ ಶುದ್ಧ ಧೈವತ ಏರಿನ ಸ್ವರ. ಕಾಸರಗೋಡಿನಲ್ಲಿ ಕರ್ನಾಟಕ ಸಂಗೀತ ಕಲಿತವರಿಗೂ ಸೊಲ್ಲಾಪುರದಲ್ಲಿ ಹಿಂದೂಸ್ತಾನಿ ಕಲಿತವರಿಗೂ ಒಂದೇ ಪದ ಎರಡು ನಾದಗಳನ್ನು ಸೂಚಿಸುತ್ತದೆ.

ತರಗತಿಯಲ್ಲಿ 'ಮಾಡಿದನು', 'ಹಾಡಿದನು' ಎಂದು ಕಲಿತ ಮಗು 'ಕೊಡಿದನು' ಎಂದು ಬರೆದಾಗ ನಡೆಯುವುದೂ ಇದೇ. ಅದು ಅಲಕ್ಷ್ಯವಲ್ಲ, ಕಲಿತ ನಿಯಮದ ನಿಷ್ಠೆಯ ಅನ್ವಯ. ಕೆಂಪು ಗೆರೆಯೊಂದನ್ನೇ ಎಳೆದರೆ ತಪ್ಪಿನೊಡನೆ ತರ್ಕವನ್ನೂ ದಂಡಿಸಿದಂತಾಗುತ್ತದೆ. ಮನೆಯಲ್ಲೊಂದು, ಶಾಲೆಯಲ್ಲೊಂದು ನುಡಿಯಾಡುವ ಗಡಿನಾಡಿನ ಮಗು ಇಂತಹ ದಂಡನೆ ಮರುಕಳಿಸಿದರೆ ಕನ್ನಡದಲ್ಲಿ ಬಾಯಿ ತೆರೆಯಲು ಹಿಂಜರಿಯುತ್ತದೆ.

ಬಲ್ಲ ಗುರು ಅನುಸರಿಸುವ ಕ್ರಮ ಹೀಗಿದೆ. ಮೊದಲು 'ಇಲ್ಲಿ ಏಕೆ ಒತ್ತಿದೆ?' ಎಂದು ಕೇಳುತ್ತಾನೆ. ಬಳಿಕ ಎರಡೂ ಮನೆಗಳ ನಾದವನ್ನು ಒಂದರ ಹಿಂದೊಂದರಂತೆ ಕೇಳಿಸುತ್ತಾನೆ. ವ್ಯತ್ಯಾಸವನ್ನು ವಿದ್ಯಾರ್ಥಿಯೇ ಹಾಡಿ ತೋರಿದ ಮೇಲೆ ಹೆಸರನ್ನು ಬಿಡಿಸಿ ಹೇಳುತ್ತಾನೆ. 'ಕೊಡು–ಕೊಟ್ಟನು', 'ಇಡು–ಇಟ್ಟನು', 'ಸುಡು–ಸುಟ್ಟನು' ಎಂಬ ಸಾಲನ್ನು 'ಮಾಡಿದನು' ಸಾಲಿನ ಪಕ್ಕದಲ್ಲಿಟ್ಟು ಓದಿಸುವುದು ಇದೇ ಕ್ರಮದ ಭಾಷಾರೂಪ.

ಮೂರು ಬೆರಳುಗಳನ್ನು ಎತ್ತಿಸದೆ ನಾಲ್ಕನೆಯದನ್ನು ಊರಿಸುವುದು ಗಿಟಾರ್ ಗುರುವಿನ ಜಾಣ್ಮೆ. ಮಗು ಮನೆಯಿಂದ ತಂದ ನುಡಿಯನ್ನು ಕದಲಿಸದೆ ಕನ್ನಡವನ್ನು ಕೂಡಿಸುವುದು ಗಡಿನಾಡಿನ ಶಿಕ್ಷಕರ ಹೊಣೆ.