ಶಾಪದ ಕೀರ್ತನೆಗಳು ಮತ್ತು ಕ್ರೈಸ್ತ ಓದು

ಬೈಬಲ್ಲಿನ ಕೀರ್ತನೆಗಳ ಪುಸ್ತಕದಲ್ಲಿ ಸ್ತುತಿ, ಮೊರೆಗಳ ನಡುವೆಯೇ ಶಾಪವೂ ಇದೆ. 137ನೆಯ ಕೀರ್ತನೆ ಬಾಬಿಲೋನಿನಲ್ಲಿ ಸೆರೆಯಾದವರ ಅಳುವಿನಿಂದ ಮೊದಲಾಗಿ, ಶತ್ರುವಿನ ಕೂಸುಗಳನ್ನು ಬಂಡೆಗೆ ಬಡಿಯುವವನನ್ನು ಹೊಗಳಿ ಮುಗಿಯುತ್ತದೆ. 109ನೆಯದು ಎದುರಾಳಿಯ ಮಕ್ಕಳು ಬೇಡಿ ತಿನ್ನಲೆಂದು ಹಾರೈಸುತ್ತದೆ. 58ನೆಯದು ದುಷ್ಟರ ಹಲ್ಲು ಮುರಿಯಲು ದೇವರನ್ನೇ ಕರೆಯುತ್ತದೆ. ವೈರಿಯನ್ನೂ ಪ್ರೀತಿಸಬೇಕೆಂದ ಯೇಸುವಿನ ಅನುಯಾಯಿಗಳಿಗೆ ಇವೂ ಪ್ರಾರ್ಥನೆಗಳೇ ಆಗಿರುವುದು ಹಳೆಯ ತೊಡಕು.

ಕರ್ನಾಟಕದ ಶಿಕಾರಿಪುರ, ಸೊರಬದ ಕಡೆಯ ನೆಲಕ್ಕೂ ಶಾಪದ ಮಾತು ಹೊಸದಲ್ಲ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟದಲ್ಲಿ ಶಿಕಾರಿಪುರದ, 8ನೆಯದರಲ್ಲಿ ಸೊರಬದ ಶಾಸನಗಳಿವೆ. ದಾನಶಾಸನಗಳ ಕೊನೆಗೆ ಬರುವ ಶಾಪಾಶಯ ಓದುಗರಿಗೆ ಪರಿಚಿತ: ದತ್ತಿಯ ಭೂಮಿಯನ್ನು ಕಸಿದವನಿಗೆ ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಹೇಲಿನ ಹುಳುವಿನ ಜನ್ಮ. ಇದನ್ನು ಕೆತ್ತಿಸಿದವನು ಕ್ರೂರಿಯೆಂದು ಯಾರೂ ತಿಳಿಯುವುದಿಲ್ಲ. ದಾನಿ ಸತ್ತ ಮೇಲೆ ಮುಂದಿನ ಅರಸನನ್ನು ತಡೆಯಲು ಅವನ ಬಳಿ ಬೇರೆ ಉಪಾಯವಿರಲಿಲ್ಲ. ಕೈಗೆ ಎಟುಕದ ನ್ಯಾಯವನ್ನು ಮಾತು ದೇವರಿಗೆ ಒಪ್ಪಿಸುತ್ತದೆ.

ಕೀರ್ತನೆಗಳ ಶಾಪಕ್ಕೂ ಈ ಮಾತು ಸಲ್ಲುತ್ತದೆ, ಆದರೆ ಅಲ್ಲಿ ನೋವು ಇನ್ನೂ ಹಸಿ. ಕ್ರಿ.ಪೂ. 586ರ ಸುಮಾರಿಗೆ ಯೆರೂಸಲೇಮ್ ಸುಟ್ಟುಹೋಯಿತು. ಮಕ್ಕಳನ್ನು ಕಳೆದುಕೊಂಡವರು ಶತ್ರುವಿನ ಮಕ್ಕಳ ಸಾವನ್ನು ಬಯಸಿದರು. ಬಯಕೆ ಘೋರ. ಆದರೂ ಬೇಡುವವನು ಕತ್ತಿ ಎತ್ತಿಲ್ಲ, ಸೇಡನ್ನು ದೇವರ ಮುಂದಿಟ್ಟಿದ್ದಾನೆ. ಅದೇ ಸಾಲು ಗೆದ್ದ ಸೈನ್ಯದ ಬಾಯಿಗೆ ಬಂದರೆ ಅದು ಪ್ರಾರ್ಥನೆಯಲ್ಲ, ಅಪ್ಪಣೆ. ಹಾಗಾಗಿ ಸಾಲಿನ ಅರ್ಥಕ್ಕಿಂತ ಮೊದಲು ಅದನ್ನು ಆಡುತ್ತಿರುವವರು ಯಾರೆಂದು ನೋಡುವುದು ಲೇಸು. 109ನೆಯ ಕೀರ್ತನೆಯಲ್ಲಂತೂ ಈ ಪ್ರಶ್ನೆಗೆ ಉತ್ತರವೇ ಖಚಿತವಿಲ್ಲ: 6ನೆಯ ವಚನದಿಂದ ಮುಂದಿನ ಶಾಪಗಳು ಭಕ್ತನವಲ್ಲ, ಅವನ ಮೇಲೆ ಸುಳ್ಳು ದೂರು ಹೊರಿಸಿದವರವು ಎಂದು ಕೆಲವು ವಿದ್ವಾಂಸರು ಓದುತ್ತಾರೆ.

ಜರ್ಮನಿಯ ಡೀಟ್ರಿಕ್ ಬೋನ್‌ಹೋಫರ್ 1937ರಲ್ಲಿ, ನಾಜಿಗಳು ಪಾದ್ರಿಗಳನ್ನು ಬಂಧಿಸುತ್ತಿದ್ದ ಹೊತ್ತಿನಲ್ಲಿ, 58ನೆಯ ಕೀರ್ತನೆಯ ಮೇಲೆಯೇ ಬೋಧಿಸಿದ. ಈ ಶಾಪವನ್ನು ನುಡಿಯಲು ಪೂರ್ಣ ನಿರ್ದೋಷಿಯಾದವನಿಗೆ ಮಾತ್ರ ಹಕ್ಕಿದೆ, ಅವನು ಕ್ರಿಸ್ತ. ಆ ಶಿಕ್ಷೆ ಬಿದ್ದದ್ದೂ ಅವನ ಮೇಲೆಯೇ ಎಂಬುದು ಬೋನ್‌ಹೋಫರನ ವಾದದ ಸಾರ. ಪ್ರಾಚೀನ ಸಭಾಪಿತ ಅಗಸ್ಟೀನನ ದಾರಿ ಬೇರೆ: ಬಾಬಿಲೋನಿನ ಕೂಸುಗಳು ಎಂದರೆ ಮನಸ್ಸಿನಲ್ಲಿ ಆಗಷ್ಟೇ ಹುಟ್ಟಿದ ಕೆಟ್ಟ ಆಸೆಗಳು, ಬಂಡೆ ಎಂದರೆ ಕ್ರಿಸ್ತ. ಸೊಗಸಾದ ವ್ಯಾಖ್ಯಾನ, ಆದರೆ ಸೆರೆಯಾಳುಗಳ ಸಂಕಟ ಅದರಲ್ಲಿ ಮಾಯವಾಗುತ್ತದೆ.

ಇಷ್ಟು ಸಮಾಧಾನವೂ ಸಿಗದ ಭಾಗಗಳಿವೆ. ಯೆಹೋಶುವನ ಗ್ರಂಥದ 6ನೆಯ ಅಧ್ಯಾಯದಲ್ಲಿ ಯೆರಿಕೋವಿನ ಗಂಡಸರು, ಹೆಂಗಸರು, ಮುದುಕರು, ಮಕ್ಕಳು ಕತ್ತಿಗೆ ತುತ್ತಾಗುತ್ತಾರೆ. 1 ಸಮುವೇಲ 15ರಲ್ಲಿ ಅಮಾಲೇಕ್ಯರ ಹಾಲುಗೂಸನ್ನೂ ಉಳಿಸಬಾರದೆಂಬ ಆಜ್ಞೆ ಬರುತ್ತದೆ. ಇಲ್ಲಿ ಆಜ್ಞೆ ದೇವರ ಹೆಸರಿನಲ್ಲಿದೆ. 1952ರಿಂದ 1958ರವರೆಗೆ ಯೆರಿಕೋವಿನಲ್ಲಿ ಉತ್ಖನನ ನಡೆಸಿದ ಕ್ಯಾಥ್ಲೀನ್ ಕೆನ್ಯನ್, ಯೆಹೋಶುವನದೆಂದು ಹೇಳಲಾಗುವ ಕಾಲದಲ್ಲಿ ಅಲ್ಲಿ ಕೋಟೆಯುಳ್ಳ ನಗರವಿರಲಿಲ್ಲವೆಂದು ತೀರ್ಮಾನಿಸಿದರು. ನಡೆಯದ ಕೊಲೆಯಾದರೂ ಅದನ್ನು ದೇವರ ಗೆಲುವೆಂದು ಬರೆದದ್ದು ನಿಜವೇ. ಪುರಾತತ್ತ್ವ ಈ ಪ್ರಶ್ನೆಯನ್ನು ಹಗುರಗೊಳಿಸುತ್ತದೆ, ಬಗೆಹರಿಸುವುದಿಲ್ಲ.

2ನೆಯ ಶತಮಾನದ ಮಾರ್ಸಿಯನ್ ಹಳೆಯ ಒಡಂಬಡಿಕೆಯ ದೇವರೇ ಬೇರೆ ಎಂದು ಆ ಗ್ರಂಥಗಳನ್ನೇ ತಳ್ಳಿಹಾಕಿದ. ಸಭೆ ಅವನನ್ನು ಹೊರಗಿಟ್ಟಿತು. ಯೇಸುವಿನ ಧರ್ಮಗ್ರಂಥವೂ ಅದೇ ಆಗಿದ್ದರಿಂದ ಬೇರೆ ಮಾರ್ಗವಿರಲಿಲ್ಲ. ಆದರೆ ಅದನ್ನು ಹೇಗೆ ಓದಬೇಕೆಂಬುದಕ್ಕೆ ಯೇಸುವಿನ ನಡೆಯಲ್ಲೇ ಸುಳಿವಿದೆ. ಲೂಕನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಸಮಾರ್ಯದ ಹಳ್ಳಿಯೊಂದು ಆಶ್ರಯ ನಿರಾಕರಿಸಿದಾಗ, ಆಕಾಶದಿಂದ ಬೆಂಕಿ ಬರಿಸೋಣವೇ ಎಂದು ಯಾಕೋಬ, ಯೋಹಾನರು ಕೇಳುತ್ತಾರೆ. ಹಾಗೆ ಬೆಂಕಿ ಬರಿಸಿದ್ದ ಪ್ರವಾದಿ ಎಲೀಯನ ಪೂರ್ವನಿದರ್ಶನ ಅವರಿಗಿತ್ತು. ಯೇಸು ಗದರಿಸಿ ಬೇರೆ ಹಳ್ಳಿಗೆ ಹೊರಡುತ್ತಾನೆ. ಯೆರಿಕೋ, ಅಮಾಲೇಕ್ಯರ ಕಥೆಗಳನ್ನು ಈ ಗದರಿಕೆಯಿಂದ ಅಳೆಯುವುದು ಕ್ರೈಸ್ತ ಓದಿನ ಗಟ್ಟಿ ನೆಲೆ.

ಕ್ಯಾಥೊಲಿಕ್ ಸಭೆ 1970ರ ದಶಕದ ಆರಂಭದಲ್ಲಿ ದಿನದ ಯಾಮಪ್ರಾರ್ಥನೆಯನ್ನು ಪರಿಷ್ಕರಿಸಿದಾಗ 58, 83, 109ನೆಯ ಕೀರ್ತನೆಗಳನ್ನು ಪೂರ್ತಿ, ಇನ್ನು ಕೆಲವುಗಳ ಬಿಡಿ ವಚನಗಳನ್ನು ಕೈಬಿಟ್ಟಿತು. ವಿಚಿತ್ರವೆಂದರೆ, ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯದಲ್ಲಿ ಪೇತ್ರ ಉದ್ಧರಿಸುವುದು 109ನೆಯ ಕೀರ್ತನೆಯನ್ನೇ. ಪ್ರಾರ್ಥನೆಯಿಂದ ತೆಗೆದ ಈ ಕೀರ್ತನೆಗಳು ಬೈಬಲ್ಲಿನಲ್ಲಿ ಹಾಗೆಯೇ ಇವೆ. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರು 19ನೆಯ ಶತಮಾನದ ಪೂರ್ವಾರ್ಧದಲ್ಲಿ ಕನ್ನಡಕ್ಕೆ ತಂದ ಬೈಬಲ್ಲಿನಲ್ಲೂ ಅವು ಸೇರಿದ್ದವು.