ಬೇಸಗೆಯ ಬಿಡುವು: ಎರೆನೆಲದ ಒಂದು ವಾರ

(ಬೇಸಗೆ ರಜೆಯಲ್ಲಿ ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಲೆನಾಡಿಗೆ ಬಂದು ನೆಲೆಸಿದ ಮೇಲೆ ಒಂದು ಮಾತನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. "ಬಯಲುಸೀಮೆಯವರಿಗೇನು, ಆರು ತಿಂಗಳು ಹೊಲ, ಆರು ತಿಂಗಳು ಕಟ್ಟೆ" ಎಂದು ಇಲ್ಲಿನವರು ನಗುತ್ತಾರೆ. ಇಲ್ಲಿ ಏಪ್ರಿಲ್, ಮೇ ಎಂದರೆ ಬಿಡುವಿಲ್ಲದ ಕಾಲ. ದರಕು ಗುಡಿಸಬೇಕು, ತೋಟಕ್ಕೆ ನೀರು ಕಟ್ಟಬೇಕು, ಮಳೆಗಾಲಕ್ಕೆ ಕಟ್ಟಿಗೆ ಒಟ್ಟಬೇಕು. ನಿಮ್ಮ ಕಣ್ಣಿಗೆ ಬಯಲಿನವರ ಬೇಸಗೆ ಸೋಮಾರಿತನವಾಗಿ ತೋರಿದರೆ ಆಶ್ಚರ್ಯವಿಲ್ಲ. ಕಳೆದ ಮೇ ತಿಂಗಳಲ್ಲಿ ನನ್ನ ಹುಟ್ಟೂರಾದ ಕುಂದಗೋಳ ತಾಲ್ಲೂಕಿನ ಗುಡಗೇರಿಯಲ್ಲಿ ಏನೂ ಮಾಡದೆ ಒಂದು ವಾರ ಕಳೆದೆನು. ಆ ವಾರದ ಆಧಾರದ ಮೇಲೆ ಈ ಮಾತಿಗೆ ಉತ್ತರ ಕೊಡಬೇಕೆಂದಿದ್ದೇನೆ.

ಊರಿನ ಪರಿಚಯವನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ರೈಲಿನಲ್ಲಿ ಹೊರಟರೆ ಕುಂದಗೋಳ, ಸಂಶಿ ದಾಟಿದ ಮೇಲೆ ಗುಡಗೇರಿ. ಶಕ 998ರ, ಎಂದರೆ ಕ್ರಿ.ಶ. 1076ರ ಸುಮಾರಿನ ಜೈನ ಶಾಸನವೊಂದು ಈ ಊರನ್ನು ಗುಡಿಗೆರೆಯೆಂದೂ ಸಂಸ್ಕೃತದಲ್ಲಿ ಧ್ವಜತಟಾಕವೆಂದೂ ಕರೆಯುತ್ತದೆ. ಗುಡಿ ಎಂದರೆ ಧ್ವಜ, ಉಳಿದದ್ದು ಕೆರೆ. ನಮ್ಮ ಸೀಮೆಯ ಬಾವಿಗಳ ನೀರು ಬಹುಪಾಲು ಸವಳು. ಆದುದರಿಂದ ಕುಡಿಯುವ ನೀರಿಗೆ ಕೆರೆಯನ್ನೇ ನಂಬಿದ ನಾಡು ಅದು. ಊರಿನ ಹೆಸರಿನಲ್ಲಿಯೂ ಕೆರೆ ಸೇರಿಕೊಂಡಿದೆ.

ವಾರದ ಮೊದಲೆರಡು ದಿನ ನನಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಬೆಳಗಿನ ಜಾವ ಮಾಳಿಗೆಯ ಮೇಲಿನ ಹಾಸಿಗೆಯಿಂದೆದ್ದು, ಬಿಸಿಲೇರುವ ಮೊದಲು ಹೊಲಕ್ಕೆ ಹೋಗಿ ಬರುತ್ತಿದ್ದೆ. ಅಲ್ಲಿ ಮಾಡಲು ಏನೂ ಇರಲಿಲ್ಲ. ಬದುವಿನ ಮೇಲೆ ಸಿಕ್ಕ ನೆರೆಹೊಲದ ಕಾಕಾ ಒಂದು ದಿನ ಕೇಳಿಯೇಬಿಟ್ಟರು: "ಏನ್ ಹುಡಕಾಕ ಹತ್ತೀ ತಮ್ಮಾ? ಹೊಲ ಮಲಗೈತಿ, ಎಬ್ಬಸಬ್ಯಾಡ."

ಮಣ್ಣನ್ನು ಕುರಿತು ಡಾಕ್ಟರೇಟು ಪಡೆದವನಿಗೆ ಹೇಳಿದ ಈ ಮಾತು ಸರಿಯಾಗಿಯೇ ಇತ್ತು. ಹೇಗೆಂಬುದನ್ನು ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು.

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಅಧಿಕವಾಗಿರುತ್ತದೆ. ಇದು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಗೆಯಲ್ಲಿ ಹೊಲದ ತುಂಬ ಬಿರುಕುಗಳು ಬಾಯಿಬಿಡುತ್ತವೆ. ಕೆಲವೆಡೆ ಒಂದು ಮೀಟರಿನ ಆಳದವರೆಗೆ. ಮೇಲಿನ ಪದರ ತಾನಾಗಿ ಹರಳುಹರಳಾಗಿ ಉದುರಿ ಆ ಬಿರುಕಿನೊಳಗೆ ಬೀಳುತ್ತದೆ. ಮಳೆ ಬಂದಾಗ ಮೊದಲ ನೀರು ಆ ಬಿರುಕುಗಳ ಮೂಲಕ ಆಳಕ್ಕೆ ಇಳಿಯುತ್ತದೆ. ಅನಂತರ ಮಣ್ಣು ಉಬ್ಬಿ ಮುಚ್ಚಿಕೊಳ್ಳುತ್ತದೆ. ಅಂದರೆ ನೇಗಿಲಿಲ್ಲದೆಯೇ ನೆಲ ತನ್ನನ್ನು ತಾನು ತಿರುವಿ ಹಾಕಿಕೊಳ್ಳುತ್ತದೆ. ಎರೆಹೊಲವನ್ನು ವರ್ಷವರ್ಷವೂ ಆಳವಾಗಿ ಉಳುವ ರೂಢಿ ನಮ್ಮ ಹಿರಿಯರಲ್ಲಿ ಇರಲಿಲ್ಲ. ಕರಿಕೆ ಹೆಚ್ಚಿದಾಗ ರಂಟೆ ಹೊಡೆಯುವರು, ಉಳಿದಂತೆ ಕುಂಟೆಯಿಂದ ಹರಗುವರು. ಟ್ರ್ಯಾಕ್ಟರು ಬಂದ ಮೇಲೆ ವರ್ಷವರ್ಷವೂ ಉಳುವುದು ರೂಢಿಯಾಗುತ್ತಿದೆ. ಅದರ ಅಗತ್ಯವೆಷ್ಟು ಎಂಬ ಪ್ರಶ್ನೆ ನನ್ನ ಮನಸ್ಸಿನಲ್ಲಿದೆ.

ಒಣಗುವುದರಿಂದ ಇನ್ನೊಂದು ಲಾಭವಿದೆ. ಪೂರ್ವ ಆಫ್ರಿಕಾದಲ್ಲಿ ಸಂಶೋಧನೆ ನಡೆಸಿದ ಬರ್ಚ್ ಎಂಬ ವಿಜ್ಞಾನಿ 1958ರಲ್ಲಿ ಇದನ್ನು ವಿವರವಾಗಿ ಬರೆದನು. ಚೆನ್ನಾಗಿ ಒಣಗಿದ ಮಣ್ಣು ಮತ್ತೆ ನೆನೆದಾಗ ಅದರಲ್ಲಿನ ಸೂಕ್ಷ್ಮಜೀವಿಗಳು ಒಮ್ಮೆಲೇ ಚುರುಕಾಗಿ, ಸಾವಯವ ಪದಾರ್ಥವನ್ನು ಕರಗಿಸಿ, ಬೆಳೆಗೆ ಸಾರಜನಕವನ್ನು ಒದಗಿಸುತ್ತವೆ. ಮೊದಲ ಮಳೆಗೆ ಬಿತ್ತಿದ ಪೈರು ಹಸಿರಾಗಿ ಏಳುವುದರಲ್ಲಿ ಬೇಸಗೆಯ ಬಿಸಿಲಿಗೂ ಪಾಲುಂಟು. ಕಾಕಾ ಹೇಳಿದ ನಿದ್ರೆ ಇದೇ.

ಕೀಟಗಳ ವಿಷಯವನ್ನೂ ಹೇಳಬೇಕು. ಹತ್ತಿಯ ಗುಲಾಬಿ ಕಾಯಿಕೊರಕಕ್ಕೆ ಬದುಕಲು ಹತ್ತಿಯ ಗಿಡವೇ ಮುಖ್ಯ. ಹೊಲ ನಾಲ್ಕಾರು ತಿಂಗಳು ಬರಿದಾಗಿದ್ದರೆ ಅದರ ಸಂತತಿ ಕುಗ್ಗುತ್ತದೆ. ಗಿಡಗಳನ್ನು ಗೊತ್ತಾದ ಅವಧಿಯೊಳಗೆ ಕಿತ್ತು ಹಾಕಿಸುವ ಅಧಿಕಾರವನ್ನು 1919ರ ಮದರಾಸು ಕಾಯಿದೆಯೇ ಸರಕಾರಕ್ಕೆ ಕೊಟ್ಟಿತ್ತು. 2002ರಲ್ಲಿ ಬಿಟಿ ಹತ್ತಿ ಬಂದಾಗ ಇಂಥ ಎಚ್ಚರವೆಲ್ಲ ಹಳೆಯ ಕಾಲದ ಮಾತೆನಿಸಿತು. ನೀರಿದ್ದವರು ಮತ್ತೊಂದು ಬಿಡಿಸುವಿಕೆಯ ಆಸೆಗೆ ಗಿಡವನ್ನು ಬೇಸಗೆಯವರೆಗೂ ನಿಲ್ಲಿಸಿದರು. 2010ರ ವೇಳೆಗೆ ಒಂದು ಜೀನಿನ ಬಿಟಿ ಹತ್ತಿಯನ್ನೂ 2015ರ ವೇಳೆಗೆ ಎರಡು ಜೀನಿನ ಹತ್ತಿಯನ್ನೂ ಆ ಹುಳು ಜೀರ್ಣಿಸಿಕೊಂಡಿತು. ಇದಕ್ಕೆ ಕಾರಣಗಳು ಹಲವು. ಬೇಸಗೆಯ ಬಿಡುವನ್ನು ಕೆಡಿಸಿದ್ದು ಅವುಗಳಲ್ಲೊಂದು. ಈಗ ಅದೇ ಇಲಾಖೆಗಳು ಗಿಡಗಳನ್ನು ಬೇಗ ಕೀಳಿರೆಂದು ಉಪದೇಶಿಸುತ್ತಿವೆ.

ಮೂರನೆಯ ದಿನದಿಂದ ನಾನೂ ಮನೆಯಲ್ಲಿ ಕುಳಿತೆ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ದಪ್ಪ ಗೋಡೆ, ತೊಲೆಗಳ ಮೇಲೆ ಮೊಣಕೈ ಆಳದ ಮಣ್ಣು, ನಡುವೆ ಬೆಳಕಿಂಡಿ. ಹೊರಗೆ ಉರಿಬಿಸಿಲಿದ್ದರೂ ಒಳಗೆ ತಂಪು. ಮಧ್ಯಾಹ್ನದ ಕಾವು ಒಳಗಿಳಿಯುವ ಹೊತ್ತಿಗೆ ಜನರು ಮಾಳಿಗೆಯ ಮೇಲೆ ಮಲಗಿರುತ್ತಾರೆ. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಸವಳು ಮಣ್ಣು ಹರಡುವರು. ಸೋಡಿಯಂ ಅಂಶವುಳ್ಳ ಆ ಮಣ್ಣು ನೀರು ತಾಗಿದೊಡನೆ ಕಲಸಿಕೊಂಡು ರಂಧ್ರಗಳನ್ನು ಮುಚ್ಚುತ್ತದೆ. ಹೊಲದಲ್ಲಿ ಬೆಳೆಗೆ ಶತ್ರುವಾದುದು ಮಾಳಿಗೆಯ ಮೇಲೆ ಕಾವಲುಗಾರ!

ಊಟವೆಂದರೆ ಜೋಳದ ರೊಟ್ಟಿ, ಮಜ್ಜಿಗೆ, ಉಳ್ಳಾಗಡ್ಡಿ, ಸಂಜೆಗೆ ಧಾರವಾಡದ ಕಡೆಯ ಆಪೂಸು ಮಾವು. ಊಟವಾದ ಮೇಲೆ ನಿದ್ದೆ. ಎಚ್ಚರವಾದ ಮೇಲೂ ಎಲ್ಲಿಗೂ ಹೋಗಬೇಕಾಗಿಲ್ಲವೆಂಬ ಸುಖವನ್ನು ನಾನು ಬಹಳ ವರ್ಷಗಳ ಮೇಲೆ ಅನುಭವಿಸಿದೆ. ನಮ್ಮ ನೆರೆಯ ಕುಂದಗೋಳದಲ್ಲಿ ಸವಾಯಿ ಗಂಧರ್ವರು ಶಿಷ್ಯ ಭೀಮಸೇನ ಜೋಶಿಯವರಿಗೆ ಬೆಳಗಿಗೆ ತೋಡಿ, ಮಧ್ಯಾಹ್ನಕ್ಕೆ ಮುಲ್ತಾನಿ, ಸಂಜೆಗೆ ಪೂರಿಯಾ ರಾಗಗಳನ್ನೇ ಬಹುಕಾಲ ತಿದ್ದಿಸಿದರೆಂದು ಪ್ರಸಿದ್ಧಿಯಿದೆ. ಆ ಸೀಮೆಯ ಒಂದು ಬೇಸಗೆಯ ದಿನವನ್ನು ಪೂರ್ತಿಯಾಗಿ ಕಳೆದವರಿಗೆ ಅಷ್ಟು ನಿಧಾನ ಹೇಗೆ ಸಾಧ್ಯವಾಯಿತೆಂದು ತಿಳಿಯುತ್ತದೆ.

ನಾಲ್ಕನೆಯ ದಿನ ಓಣಿಯಲ್ಲಿ ಹಗೇವುಗಳ ಮಾತು ಬಂದಿತು. ನೆಲದಡಿಯಲ್ಲಿ ತೋಡಿದ ಜೋಳದ ಕಣಜವೇ ಹಗೇವು. ಬಾಯಿ ಮುಚ್ಚಿದ ಮೇಲೆ ಒಳಗಿನ ಕಾಳುಗಳು ಉಸಿರಾಡಿ ಆಮ್ಲಜನಕ ತೀರುತ್ತದೆ, ಇಂಗಾಲದ ಡೈಆಕ್ಸೈಡು ತುಂಬುತ್ತದೆ, ಹುಳು ಬದುಕುವುದಿಲ್ಲ. ಆದರೆ ಮನುಷ್ಯನೂ ಬದುಕುವುದಿಲ್ಲ. ಆದುದರಿಂದ ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯಬೇಕು. ಅವಸರದಿಂದ ಇಳಿದವರು ಜೀವ ಕಳೆದುಕೊಂಡ ಪ್ರಸಂಗಗಳು ನಮ್ಮ ಕಡೆಯ ಹಿರಿಯರ ನೆನಪಿನಲ್ಲಿವೆ. ಈಗ ಹಗೇವು ತೆರೆಯುವ ಮನೆಗಳು ಅಪರೂಪ. ಜೋಳ ಕಣದಿಂದಲೇ ಮಾರುಕಟ್ಟೆಗೆ ಹೋಗುತ್ತದೆ. ಮನೆಯಲ್ಲಿ ವರ್ಷದ ಜೋಳವಿದ್ದವನು ಮಾತ್ರ ಬೇಸಗೆಯಲ್ಲಿ ನಿಶ್ಚಿಂತೆಯಿಂದ ಕಟ್ಟೆಯ ಮೇಲೆ ಕುಳಿತಾನು.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಈ ಬಿಡುವು ಎಲ್ಲರಿಗೂ ಸಮನಾಗಿ ಹಂಚಿಲ್ಲ. ನಾನು ಮಾಳಿಗೆಯಿಂದ ಇಳಿಯುವ ಮೊದಲೇ ಅವ್ವ, ಅತ್ತಿಗೆಯರು ಹಪ್ಪಳ, ಸಂಡಿಗೆ, ಶಾವಿಗೆಗಳ ಕೆಲಸದಲ್ಲಿ ತೊಡಗಿರುತ್ತಿದ್ದರು. ಅವರಿಗೆ ಬೇಸಗೆಯೇ ಸುಗ್ಗಿ. ಭೂಮಿಯಿಲ್ಲದವರು ಮುಂಜಾನೆಯೇ ಹುಬ್ಬಳ್ಳಿಯ ಕಟ್ಟಡ ಕೆಲಸಕ್ಕೆ ಹೊರಡುತ್ತಿದ್ದರು. ಬುತ್ತಿ ಕಟ್ಟಿಕೊಂಡು ಹೊರಟ ಅವರ ಮುಂದೆ "ನಿಧಾನವಾಗಿ ಬಾಳೋಣ" ಎಂದು ಹೇಳುವ ಧೈರ್ಯ ನನಗಿಲ್ಲ. ಕೂಲಿಯವನಿಗೆ ಬಿಡುವೆಂದರೆ ಕೂಲಿಯಿಲ್ಲದ ದಿನ. ಅವನಿಗೂ ಮನೆಯಲ್ಲಿ ಜೋಳ ಉಳಿಯುವಂತಾಗದೆ ಬಿಡುವಿನ ಮಾತು ಪೂರ್ಣವಾಗುವುದಿಲ್ಲ.

ಇನ್ನು ನಿಮಗೆ ನೇರವಾಗಿ ಸಂಬಂಧಿಸಿದ ವಿಷಯ. ನಿಮ್ಮ ಅಡಿಕೆ ಈಗ ಘಟ್ಟದ ಸೆರಗಿನಿಂದ ಬಯಲಿಗೆ ಇಳಿಯುತ್ತಿದೆ. ಹಾನಗಲ್ಲಿನ ಕಡೆಯಿಂದ ಪೂರ್ವಕ್ಕೆ ಅದು ಬರುವುದನ್ನು ನೋಡುತ್ತಿದ್ದೇವೆ. ಎರೆಹೊಲದ ಕೆಲವು ಯುವಕರೂ ನನ್ನನ್ನು ಕೇಳಿದರು, "ಸರ್, ಕೊಳವೆಬಾವಿ ಹೊಡಸಿ ಅಡಿಕಿ ಹಚ್ಚೋಣೇನ್ರೀ?" ಬೇಡವೆಂದೆ. ಅಡಿಕೆಯ ಬೇರು ಮೇಲ್ಪದರದಲ್ಲಿ ಹರಡುವಂಥದು. ಬಿರುಕು ಬಿಡುವ ನೆಲ ಅದನ್ನು ಹರಿಯುತ್ತದೆ, ಮಳೆಗಾಲದಲ್ಲಿ ನೀರು ಬಸಿಯದೆ ಕೊಳೆಸುತ್ತದೆ. ಬಿರುಕು ಬಿಡದಂತೆ ಬೇಸಗೆಯುದ್ದಕ್ಕೂ ನೀರು ಕೊಡುತ್ತ ಹೋದರೆ ಕೊಳವೆಬಾವಿಯ ಸವಳು ನೀರು ಕ್ರಮೇಣ ಹೊಲವನ್ನೇ ಸವಳಾಗಿಸುತ್ತದೆ. ಮಾಳಿಗೆಗೆ ಹಾಕುವ ಮಣ್ಣನ್ನು ಹೊಲದಲ್ಲಿ ತಯಾರಿಸಿದಂತಾದೀತು! ಅವರು ನಕ್ಕರು, ಒಪ್ಪಿದರೋ ಇಲ್ಲವೋ ತಿಳಿಯದು.

ಆರನೆಯ ದಿನ ಸಂಜೆ ಗುಡುಗಿತು. ಕೃತ್ತಿಕಾ ಮಳೆ ಒಂದರ್ಧ ತಾಸು ಸುರಿಯಿತು. ಮರುದಿನ ನಾನು ಊರು ಬಿಡುವವನು. ಬೆಳಿಗ್ಗೆ ಕಾಕಾನೊಡನೆ ಹೊಲಕ್ಕೆ ಹೋದೆ. ಅವರು ಉದ್ದನೆಯ ಜೋಳದ ದಂಟೊಂದನ್ನು ಬಿರುಕಿನೊಳಗೆ ಇಳಿಸಿದರು. ಅದು ತಡೆಯಿಲ್ಲದೆ ಒಳಗೆ ಹೋಯಿತು. "ಇನ್ನೂ ಬಾಯಿ ಮುಚ್ಚಿಲ್ಲ, ಇನ್ನೆರಡು ಮಳಿ ಬೇಕು" ಎಂದು ಹೇಳಿ, ದಂಟನ್ನು ಅಲ್ಲಿಯೇ ಬಿಟ್ಟು, ಕಟ್ಟೆಯ ಕಡೆಗೆ ನಡೆದರು.